ಮಷಿನ್ ನಿಲ್ಲಿಸಿದವನಿಗೆ ಆಮೇಲೆ ಏನಾಯ್ತು?

ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಉಳಿದವರೆಲ್ಲ ಸಂಬಳ ಎಷ್ಟು, ಶಿಫ್ಟ್ ಹೇಗೆ, ಓವರ್‌ಟೈಮ್ ಇದೆಯಾ, ಪರ್ಮನೆಂಟ್ ಮಾಡ್ತಾರಾ ಅಂತ ಕೇಳುತ್ತಾರೆ. ನಾನು ಕೇಳುವುದು ಬೇರೆ. ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಏನೋ ಸರಿಯಿಲ್ಲ ಅಂತ ಮಷಿನ್ ನಿಲ್ಲಿಸಿದವರು ಯಾರಾದರೂ ಇದ್ದಾರಾ? ಇದ್ದರೆ, ಆಮೇಲೆ ಅವರಿಗೆ ಏನಾಯ್ತು?

ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಸೇಫ್ಟಿ ಬಗ್ಗೆ ಕೇಳೋದಾದ್ರೆ ಹೆಲ್ಮೆಟ್, ಶೂ ಕೊಡ್ತಾರಾ ಅಂತ ಕೇಳಬೇಕಲ್ವಾ ಅಂತಾರೆ. ಅದನ್ನು ಬಹುತೇಕ ಎಲ್ಲ ಕಡೆ ಕೊಡುತ್ತಾರೆ. ಫೋಟೋದಲ್ಲೂ ಚೆನ್ನಾಗಿ ಕಾಣುತ್ತದೆ. ನಾನು ಮೇಂಟೆನೆನ್ಸ್ ವಿಭಾಗದವನು. ಪ್ರೆಸ್ ಶಾಪು, ಮಷಿನ್ ಶಾಪು, ಪೇಂಟ್ ಶಾಪು ಎಲ್ಲ ಕಡೆ ಮಷಿನ್‌ಗಳ ಕರೆಂಟ್ ಪ್ಯಾನೆಲ್ ಬಾಗಿಲು ತೆಗೆದು ನೋಡಿದವನು. ಒಂದು ಕಂಪನಿಯ ನಿಜವಾದ ಸ್ವಭಾವ ಗೊತ್ತಾಗುವುದು ಗೋಡೆಯ ಪೋಸ್ಟರಿನಲ್ಲಿ ಅಲ್ಲ, ಆ ಪ್ಯಾನೆಲ್ ಒಳಗೆ.

ಒಂದು ಉದಾಹರಣೆ ಹೇಳುತ್ತೇನೆ. ಕಂಪನಿ ಹೆಸರು ಬೇಡ, ಇಂಥದ್ದು ಒಂದೇ ಕಡೆ ನಡೆಯುವ ವಿಷಯವೂ ಅಲ್ಲ.

ಲೋಹದ ಹಾಳೆಯನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ ಮುಂದೆ ಲೈಟ್ ಕರ್ಟನ್ ಅಂತ ಇರುತ್ತದೆ. ಎರಡು ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಬೇಕು. ಆದರೆ ಯಾವ ಪ್ರೆಸ್ಸೂ ಆ ಕ್ಷಣದಲ್ಲೇ ನಿಲ್ಲುವುದಿಲ್ಲ. ಸಿಗ್ನಲ್ ಹೋಗಬೇಕು, ಕ್ಲಚ್ ಬಿಡಬೇಕು, ಬ್ರೇಕ್ ಹಿಡಿಯಬೇಕು. ಅಷ್ಟು ಹೊತ್ತಿನಲ್ಲಿ ಕೈ ಎಷ್ಟು ದೂರ ಹೋಗಿರುತ್ತದೆ ಅನ್ನುವ ಲೆಕ್ಕ ಹಾಕಿ ಕರ್ಟನ್ ಎಲ್ಲಿ ಕೂರಿಸಬೇಕು ಅಂತ ತೀರ್ಮಾನ ಮಾಡುತ್ತಾರೆ. ಈ ಲೆಕ್ಕದಲ್ಲಿ ಕೈಯ ವೇಗ ಸೆಕೆಂಡಿಗೆ 1.6 ಮೀಟರ್ ಅಂತ ಹಿಡಿಯುವುದು ರೂಢಿ. ಪ್ರೆಸ್ ನಿಲ್ಲಲು 0.2 ಸೆಕೆಂಡ್ ಬೇಕಾದರೆ ಕೈ 32 ಸೆಂಟಿಮೀಟರ್ ಒಳಗೆ ಹೋಗಿರುತ್ತದೆ. ಬ್ರೇಕ್ ಲೈನಿಂಗ್ ಸವೆದು ಅದೇ 0.3 ಸೆಕೆಂಡ್ ಆಯ್ತು ಅಂದುಕೊಳ್ಳಿ. ಆಗ 48 ಸೆಂಟಿಮೀಟರ್. ಕರ್ಟನ್ ಮಾತ್ರ ಹಳೆಯ ಜಾಗದಲ್ಲೇ ನಿಂತಿರುತ್ತದೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಆಡಿಟ್‌ಗೆ ಬಂದವರು ಅದನ್ನು ನೋಡಿ ಟಿಕ್ ಹಾಕಿ ಹೋಗುತ್ತಾರೆ. ಪ್ರೆಸ್ ನಿಲ್ಲಲು ಎಷ್ಟು ಸಮಯ ತಗೊಳ್ಳುತ್ತೆ, ಕೊನೆಯ ಸಲ ಯಾವಾಗ ಅಳೆದಿದ್ದೀರಿ ಅಂತ ಕೇಳಿದ ಆಡಿಟರ್‌ಗಳನ್ನು ನಾನು ನೋಡಿದ್ದು ಕಡಿಮೆ.

ಇಷ್ಟೆಲ್ಲ ಕರ್ಟನ್ ಕೆಲಸ ಮಾಡುತ್ತಿದ್ದರೆ ಬರುವ ಮಾತು. ನಾನು ಹೇಳುತ್ತಿರುವ ಶಾಪಿನಲ್ಲಿ ಎಣ್ಣೆಯ ಹಬೆ ಲೆನ್ಸ್ ಮೇಲೆ ಕೂತು ಕರ್ಟನ್ ಆಗಾಗ ಸುಮ್ನೆ ಟ್ರಿಪ್ ಆಗುತ್ತಿತ್ತು. ಪ್ರತಿ ಸಲ ರೀಸೆಟ್ ಮಾಡಬೇಕು, ಪ್ರತಿ ಸಲ ಕೆಲವು ಪೀಸ್ ಹೋಯ್ತು. ಲೆನ್ಸ್ ಒರೆಸುವ ಕೆಲಸವನ್ನು ಶಿಫ್ಟಿನ ಚೆಕ್‌ಲಿಸ್ಟಿಗೆ ಸೇರಿಸಿದ್ದರೆ, ಹಬೆ ಎಳೆಯುವ ಫ್ಯಾನ್ ಸರಿ ಮಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅದರ ಬದಲು, ಕರ್ಟನ್ ಟ್ರಿಪ್ ಆದರೂ ಪ್ರೆಸ್ ನಿಲ್ಲದಂತೆ ಪ್ಯಾನೆಲ್ ಒಳಗೆ ಒಂದು ತುಂಡು ವೈರ್ ಬಂತು. ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲ, ಹಾಕಿದ್ದಾರೆ ಅಂತ ಮಾತ್ರ ಎಲ್ಲರಿಗೂ ಗೊತ್ತು. ಆಡಿಟ್ ಇದ್ದಾಗ ಆ ವೈರ್ ಮಾಯ, ಆಡಿಟ್ ಮುಗಿದ ಮೇಲೆ ವಾಪಸ್.

ಅಲ್ಲಿ ಒಬ್ಬ ಹಳೆಯ ಆಪರೇಟರ್ ಇದ್ದರು. ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದೆವು. ಒಂದು ದಿನ ಅವರು "ಕರ್ಟನ್ ಸರಿಯಾಗುವ ತನಕ ನಾನು ಈ ಪ್ರೆಸ್ ಮುಟ್ಟಲ್ಲ ಸಾರ್" ಅಂದರು. ಯಾರೂ ಬೈಯಲಿಲ್ಲ. ಮೆಮೊ ಕೊಡಲಿಲ್ಲ. ಸೂಪರ್‌ವೈಸರ್ "ಆಯ್ತು ಬಿಡಿ" ಅಂದು ಬೇರೆಯವನನ್ನು ಆ ಪ್ರೆಸ್ಸಿಗೆ ಹಾಕಿದರು. ಆಮೇಲಿನ ವಾರದಿಂದ ಅಣ್ಣನಿಗೆ ಬರ್, ಅಂದರೆ ಪೀಸಿನ ಅಂಚಿನ ಚೂಪು ಮುಳ್ಳು, ಉಜ್ಜುವ ಟೇಬಲ್ ಕೆಲಸ. ಓವರ್‌ಟೈಮ್ ಲಿಸ್ಟಿನಲ್ಲಿ ಅವರ ಹೆಸರು ಬರುವುದು ನಿಂತುಹೋಯಿತು. ಕೇಳಿದರೆ, "ಅವರಿಗೆ ಸ್ವಲ್ಪ ರೆಸ್ಟ್ ಬೇಕಿತ್ತಲ್ವಾ" ಅನ್ನುವ ಉತ್ತರ.

ಆ ತಿಂಗಳು ಸೇಫ್ಟಿ ಟ್ರೈನಿಂಗ್ ಕೂಡ ಇತ್ತು. ಸ್ಲೈಡ್, ವಿಡಿಯೋ, ಪ್ರತಿಜ್ಞೆ, ಸಹಿ. ಆದರೆ ಅಣ್ಣನಿಗೆ ಆಗಿದ್ದನ್ನು ನೋಡಿ ಆ ಶಾಪಿನ ಹುಡುಗರು ಕಲಿತಷ್ಟು ಬೇರೆ ಯಾವ ಟ್ರೈನಿಂಗ್‌ನಲ್ಲೂ ಕಲಿತಿರಲಾರರು. ಆಮೇಲೆ ಆ ಪ್ರೆಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಅದನ್ನೇ "ದೂರುಗಳು ಕಡಿಮೆಯಾಗಿವೆ" ಅಂತ ತೋರಿಸಿದರು. ಸುಳ್ಳೇನಲ್ಲ, ಕಡಿಮೆಯಾಗಿದ್ದು ನಿಜ.

ಇನ್ನು ಗೇಟಿನ ಹತ್ತಿರ ಇರುವ ಬೋರ್ಡ್ ವಿಷಯ. ಅಪಘಾತವಿಲ್ಲದ ಇಷ್ಟು ದಿನಗಳು ಅಂತ ದೊಡ್ಡ ಅಂಕಿ. ಈ ಬೋರ್ಡಿನ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಅದರ ಜೊತೆಗೆ ಬಹುಮಾನ ಸೇರಿಸಿದರಂತೂ ಮುಗೀತು. ಇಡೀ ಲೈನಿಗೆ ಬಹುಮಾನ ಅಂದಮೇಲೆ ಬೆರಳು ಕೊಯ್ದುಕೊಂಡವನ ಮೇಲೆ ಮೊದಲು ಒತ್ತಡ ಹಾಕುವವರು ಮ್ಯಾನೇಜರ್ ಅಲ್ಲ, ಪಕ್ಕದಲ್ಲಿ ಕೆಲಸ ಮಾಡುವ ಸ್ನೇಹಿತರೇ. "ಸಣ್ಣ ಗಾಯ ಕಣೋ, ಬರೆಸಬೇಡ, ಇನ್ನೊಂದು ವಾರ ಅಷ್ಟೇ ಬಾಕಿ" ಅಂತಾರೆ. ಹೊಲಿಗೆ ಹಾಕಿಸಿಕೊಂಡು ಬಂದವನನ್ನು ಮರುದಿನ ಕರೆಸಿ ಆಫೀಸಿನಲ್ಲಿ ಕೂರಿಸುತ್ತಾರೆ. ಹೆಸರಿಗೆ ಲೈಟ್ ಡ್ಯೂಟಿ. ಅವನು ಮಾಡುವ ಕೆಲಸ ಏನೂ ಇರಲ್ಲ, ಬ್ಯಾಂಡೇಜ್ ಕಟ್ಟಿದ ಕೈ ಇಟ್ಟುಕೊಂಡು ಸಂಜೆ ತನಕ ಫೋನ್ ನೋಡುತ್ತಾ ಕೂರುತ್ತಾನೆ. ಆದರೆ ಪಂಚಿಂಗ್ ಆಗಿದೆ, ಹಾಗಾಗಿ ದಿನ ನಷ್ಟವಾಗಿಲ್ಲ, ಹಾಗಾಗಿ ಬೋರ್ಡಿನ ಅಂಕಿ ಮುಂದೆ ಹೋಗುತ್ತದೆ. ಗಾಯ ಆದವನಿಗೆ ಮಾಡಲು ಸಾಧ್ಯವಾಗುವ ಕೆಲಸ ಕೊಡುವುದು ಒಳ್ಳೆಯದೇ, ಅದನ್ನು ಸರಿಯಾಗಿ ಮಾಡುವ ಕಂಪನಿಗಳೂ ಇವೆ. ನಾನು ಹೇಳುತ್ತಿರುವುದು ಅಂಕಿ ಉಳಿಸಲು ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕುವ ವಿಷಯ.

ಈ ಅಂಕಿಯ ಮೋಸ ದೊಡ್ಡ ದೊಡ್ಡ ಕಡೆಯೇ ಬಯಲಾಗಿದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗಿ 15 ಜನ ಸತ್ತರು, 180 ಜನಕ್ಕೆ ಗಾಯವಾಯಿತು. ಅದೇ ದಿನ ಮಧ್ಯಾಹ್ನ ಅಲ್ಲಿನ ಗುತ್ತಿಗೆ ಕೆಲಸಗಾರರಿಗೆ ಒಂದು ಊಟದ ಕೂಟ ಇತ್ತು. ಯಾಕೆ ಗೊತ್ತಾ? ಒಂದು ತಿಂಗಳು ದಿನ ನಷ್ಟವಾಗುವಂಥ ಗಾಯ ಯಾರಿಗೂ ಆಗಿಲ್ಲ ಅಂತ. ಊಟ ಮುಗಿಸಿ ಬಂದು ಘಟಕದ ಪಕ್ಕದಲ್ಲೇ ತಾತ್ಕಾಲಿಕ ಆಫೀಸಾಗಿ ಇಟ್ಟಿದ್ದ ಟ್ರೇಲರ್‌ಗಳಲ್ಲಿ ಕೂತಿದ್ದರು, ಸತ್ತವರೆಲ್ಲ ಆ ಟ್ರೇಲರ್‌ಗಳ ಒಳಗೆ ಅಥವಾ ಆಸುಪಾಸಿನಲ್ಲಿ ಇದ್ದವರು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ಸ್ಫೋಟವಾಗಿ 11 ಜನ ಸತ್ತರಲ್ಲ, ಅವತ್ತೂ ಮೇಲಧಿಕಾರಿಗಳು ರಿಗ್‌ಗೆ ಬಂದಿದ್ದರು. ಏಳು ವರ್ಷ ದಿನ ನಷ್ಟದ ಅಪಘಾತ ಆಗಿಲ್ಲ ಅಂತ ಕೆಲಸಗಾರರನ್ನು ಅಭಿನಂದಿಸುವುದೂ ಆ ಭೇಟಿಯ ಒಂದು ಉದ್ದೇಶ.

ಎರಡೂ ಕಡೆ ಯಾರೂ ಅಂಕಿ ತಿದ್ದಿದ್ದರು ಅಂತ ನಾನು ಹೇಳುತ್ತಿಲ್ಲ. ಕೈ ಕೊಯ್ದುಕೊಳ್ಳುವುದು, ಜಾರಿ ಬೀಳುವುದು ಕಡಿಮೆಯಾಗಿದೆ ಅಂದ ಮಾತ್ರಕ್ಕೆ ಒತ್ತಡದ ಪೈಪು, ಕೆಟ್ಟ ಗೇಜು, ಕೆಲಸ ಮಾಡದ ಅಲಾರಂ ಸರಿ ಇವೆ ಅಂತ ಆಗುವುದಿಲ್ಲ. ಟೆಕ್ಸಸ್ ಸಿಟಿಯಲ್ಲಿ ಟವರ್ ಒಳಗೆ ದ್ರವ ಎಷ್ಟು ಏರಿದೆ ಅಂತ ತೋರಿಸಬೇಕಾದ ಉಪಕರಣ ತಪ್ಪು ತೋರಿಸುತ್ತಿತ್ತು, ಮೇಲಿನ ಮಟ್ಟದ ಒಂದು ಅಲಾರಂ ಹೊಡೆಯಲೇ ಇಲ್ಲ. ಇಂಥವು ಕೆಟ್ಟಿವೆ ಅಂತ ಗೊತ್ತಿರುವುದು ದಿನಾ ಅದರ ಮುಂದೆ ಕೂರುವವರಿಗೆ. ಅವರು ಹೇಳಿದಾಗ ಏನಾಗುತ್ತದೆ ಅನ್ನುವುದು ಯಾವ ಗೇಟಿನ ಬೋರ್ಡಿನಲ್ಲೂ ಬರೆದಿರುವುದಿಲ್ಲ.

ಅಪಘಾತ ಆದಮೇಲೆ ನಡೆಯುವ ತನಿಖೆ ಇನ್ನೊಂದು ತಮಾಷೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತೇವಲ್ಲ, ಇಲ್ಲಿ ಬಾಗಿಲನ್ನೂ ಹಾಕುವುದಿಲ್ಲ, ಕಾವಲುಗಾರನಿಗೆ ಮತ್ತೊಮ್ಮೆ ಟ್ರೈನಿಂಗ್ ಕೊಡುತ್ತಾರೆ. ಫಾರ್ಮಿನಲ್ಲಿ ಕಾರಣ ಅನ್ನುವ ಕಾಲಂ ಇರುತ್ತದೆ, ಅಲ್ಲಿ "ಕಾರ್ಮಿಕನ ನಿರ್ಲಕ್ಷ್ಯ" ಅಂತ ಬರೆದರೆ ಎಲ್ಲರಿಗೂ ನೆಮ್ಮದಿ. ದುಡ್ಡು ಖರ್ಚಾಗಲ್ಲ, ಲೈನ್ ನಿಲ್ಲಲ್ಲ. ಫೋರ್ಕ್‌ಲಿಫ್ಟ್ ಒಬ್ಬನಿಗೆ ತಾಗಿದ ಕೇಸಿನಲ್ಲಿ ಡ್ರೈವರ್ ಅಜಾಗರೂಕತೆ ಅಂತ ಬರೆದಿದ್ದನ್ನು ನಾನು ಓದಿದ್ದೇನೆ. ನಡೆಯುವ ದಾರಿಯ ಹಳದಿ ಗೆರೆ ಮೇಲೆ ಸ್ಕ್ರ್ಯಾಪ್ ಬಿನ್‌ಗಳನ್ನು ಜೋಡಿಸಿಟ್ಟಿದ್ದರಿಂದ ಜನ ವಾಹನದ ದಾರಿಯಲ್ಲೇ ನಡೆಯುತ್ತಿದ್ದರು ಅನ್ನುವುದು ಎಲ್ಲೂ ಇಲ್ಲ. ಬಿನ್‌ಗೆ ಬೇರೆ ಜಾಗ ಕೊಡಿ ಅಂತ ಶಿಫ್ಟ್‌ನವರು ಮೊದಲೇ ಕೇಳಿದ್ದರು ಅನ್ನುವುದೂ ಇಲ್ಲ.

ಈ ಚಾಳಿ ಹಳೆಯದು. 1931ರಲ್ಲಿ ಹೈನ್ರಿಚ್ ಎಂಬ ಅಮೆರಿಕದ ವಿಮಾ ಕಂಪನಿಯ ಉದ್ಯೋಗಿ ಸುಮಾರು 75,000 ಅಪಘಾತಗಳ ದಾಖಲೆ ನೋಡಿ, ಶೇಕಡಾ 88ರಷ್ಟು ಅಪಘಾತಕ್ಕೆ ಮನುಷ್ಯರ ಅಸುರಕ್ಷಿತ ನಡವಳಿಕೆಯೇ ಕಾರಣ ಅಂದರು. ಇವತ್ತಿಗೂ ಟ್ರೈನಿಂಗ್ ಸ್ಲೈಡುಗಳಲ್ಲಿ ಈ 88 ಓಡಾಡುತ್ತಿರುತ್ತದೆ. ಆ ದಾಖಲೆಗಳು ಬಂದಿದ್ದು ವಿಮೆಯ ಕಡತಗಳಿಂದ ಮತ್ತು ಕಾರ್ಖಾನೆ ಮಾಲೀಕರ ಕಡೆಯಿಂದ. ಗಾಯ ಆದವನ ಮಾತನ್ನು ಎಷ್ಟು ಕೇಳಿ ಬರೆದಿದ್ದರೋ, ನೀವೇ ಊಹಿಸಿ.

ಕಾಂಟ್ರ್ಯಾಕ್ಟ್ ಕೆಲಸಗಾರರ ವಿಷಯ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಹೆಲ್ಮೆಟ್ ಬಣ್ಣ ನೋಡಿಯೇ ಗೊತ್ತಾಗುತ್ತದೆ ಯಾರು ಕಂಪನಿಯವರು, ಯಾರು ಹೊರಗಿನವರು ಅಂತ. ಟ್ಯಾಂಕ್ ಒಳಗೆ ಇಳಿದು ಕ್ಲೀನ್ ಮಾಡುವುದು, ಛಾವಣಿಯ ಶೀಟ್ ಮೇಲೆ ಹತ್ತುವುದು, ಡಕ್ಟ್ ಒಳಗಿನ ಧೂಳು ತೆಗೆಯುವುದು, ಹೀಗೆ ಜಾಸ್ತಿ ಅಪಾಯದ ಕೆಲಸ ಅವರ ಪಾಲಿಗೆ. ಕಡಿಮೆ ಟ್ರೈನಿಂಗ್ ಕೂಡ ಅವರಿಗೇ. ಮುಚ್ಚಿದ ಟ್ಯಾಂಕಿನಲ್ಲಿ ಒಬ್ಬ ಪ್ರಜ್ಞೆ ತಪ್ಪಿ ಬಿದ್ದರೆ ಅವನನ್ನು ಎತ್ತಲು ಹಾಗೇ ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಗಾಳಿಯಲ್ಲಿ ಆಕ್ಸಿಜನ್ ಇದೆಯಾ ಅಂತ ಮೀಟರ್ ಇಟ್ಟು ನೋಡದೆ ಯಾರೂ ಇಳಿಯಬಾರದು, ಮೇಲೆ ಒಬ್ಬ ಕಾವಲು ನಿಂತಿರಬೇಕು, ಎತ್ತಲು ಹಗ್ಗ ಬೇಕು. ಇದು ಸೇಫ್ಟಿಯಲ್ಲಿ ಮೊದಲ ಪಾಠ. ಆದರೂ "ಐದೇ ನಿಮಿಷದ ಕೆಲಸ, ಇಳಿದು ಬಂದುಬಿಡು" ಅನ್ನುವುದನ್ನು ಕೇಳಿದ್ದೇನೆ. ಕಂಪನಿಯವನಾದರೆ ಆಗಲ್ಲ ಅಂದು ಬರ್ ಟೇಬಲ್‌ಗೆ ಹೋಗುತ್ತಾನೆ. ಕಾಂಟ್ರ್ಯಾಕ್ಟ್‌ನವನು ಆಗಲ್ಲ ಅಂದರೆ ನಾಳೆ ಗೇಟ್ ಪಾಸ್ ಇರುವುದಿಲ್ಲ. ಬಡವನ ಕೋಪ ದವಡೆಗೆ ಮೂಲ.

ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ನೆನಪಿಸಿಕೊಳ್ಳಿ. 2013ರ ಏಪ್ರಿಲ್ 23ಕ್ಕೆ ಕಟ್ಟಡದಲ್ಲಿ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಮರುದಿನ ಬೆಳಿಗ್ಗೆ ಬ್ಯಾಂಕ್ ಬಾಗಿಲು ಮುಚ್ಚಿತ್ತು, ಗಾರ್ಮೆಂಟ್ಸ್‌ನವರನ್ನು ಮಾತ್ರ ಒಳಗೆ ಕರೆದರು. ಬರದಿದ್ದರೆ ಸಂಬಳ ಕಡಿತ ಅಂತ ಹೆದರಿಸಿದ್ದರು ಅಂತ ಬದುಕುಳಿದವರು ಹೇಳಿದ್ದಾರೆ. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಎಲ್ಲರಿಗೂ ಕಂಡಿತ್ತು. ಬರಲ್ಲ ಅನ್ನಲು ಕೆಲವರಿಗೆ ಮಾತ್ರ ಸಾಧ್ಯವಿತ್ತು.

ಎಲ್ಲ ಕಡೆ ಹೀಗೇ ಅಂತ ಅಂದುಕೊಳ್ಳಬೇಡಿ. ಆಮೇಲೆ ನಾನು ಸೇರಿದ ಇನ್ನೊಂದು ಕಂಪನಿಯಲ್ಲಿ ಮೊದಲ ವಾರ ನನಗೆ ಕೊಟ್ಟಿದ್ದು ನನ್ನ ಹೆಸರು ಬರೆದ ಒಂದು ಬೀಗ, ಒಂದೇ ಕೀ. ಮಷಿನ್ ಒಳಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಆ ಬೀಗ ಹಾಕಬೇಕು, ಕೀ ನನ್ನ ಜೇಬಿನಲ್ಲಿ. ಮೂರು ಜನ ಕೆಲಸ ಮಾಡಿದರೆ ಮೂರು ಬೀಗ. ಇದಕ್ಕೆ ಲಾಕ್‌ಔಟ್ ಅಂತಾರೆ. ಲಾಕ್‌ಔಟ್ ಅಂದರೆ ಇಷ್ಟೇ ಅಂತ ಹಲವರು ತಿಳಿದಿದ್ದಾರೆ, ಇಷ್ಟಕ್ಕೆ ಮುಗಿಯಲ್ಲ. ಕರೆಂಟ್ ಹೋದರೂ ಸಿಲಿಂಡರಿನಲ್ಲಿ ಗಾಳಿ ಉಳಿದಿರುತ್ತದೆ, ಹೈಡ್ರಾಲಿಕ್ ಒತ್ತಡ ಇರುತ್ತದೆ, ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಮೇಲೆ ನಿಂತ ಭಾರ ತನ್ನಷ್ಟಕ್ಕೆ ಕೆಳಗೆ ಬರಬಹುದು. ಎಲ್ಲ ಬಿಡುಗಡೆ ಮಾಡಿ, ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಓಡಾಡುವ ರ‍್ಯಾಮ್ ಕೆಳಗೆ ಬ್ಲಾಕ್ ಕೊಟ್ಟು, ಸ್ಟಾರ್ಟ್ ಬಟನ್ ಒತ್ತಿ ಓಡಲ್ಲ ಅಂತ ನೋಡಿಕೊಂಡ ಮೇಲೇ ಕೈ ಹಾಕುವುದು. ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ನಿಯಮ ಬಂದದ್ದೇ 1989ರಲ್ಲಿ. ಅಷ್ಟು ತಡವಾಗಿ!

ಬೀಗ ಒಂದು ವಸ್ತು, ಯಾವ ಕಂಪನಿ ಬೇಕಾದರೂ ಕೊಳ್ಳಬಹುದು. ನನಗೆ ಆಶ್ಚರ್ಯವಾಗಿದ್ದು ಬೇರೆ. ಒಂದು ಕನ್ವೇಯರ್‌ನಲ್ಲಿ ಗಾರ್ಡ್‌ನ ಬೋಲ್ಟ್ ಸಡಿಲವಾಗಿ ಶಬ್ದ ಬರುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎಮರ್ಜೆನ್ಸಿ ಸ್ಟಾಪ್ ಒತ್ತಿಬಿಟ್ಟಳು. ಇಡೀ ಲೈನ್ ನಿಂತಿತು. ಸೂಪರ್‌ವೈಸರ್ ಓಡಿ ಬಂದು ಮೊದಲು ಕೇಳಿದ್ದು, "ನಿನಗೇನೂ ಆಗಿಲ್ಲ ತಾನೇ?" ಎರಡನೆಯದು, "ಎಲ್ಲಿಂದ ಶಬ್ದ ಬಂತು, ತೋರಿಸು." ನಿಂತ ಸಮಯದ ಲೆಕ್ಕ ಆಮೇಲೆ ಬಂತು, ಅದನ್ನು ಅವಳ ಹೆಸರಿಗೆ ಬರೆಯಲಿಲ್ಲ. ಮಾರನೇ ದಿನ ಶಿಫ್ಟ್ ಶುರುವಾಗುವಾಗ ಬೋಲ್ಟ್ ಯಾಕೆ ಸಡಿಲವಾಯಿತು ಅಂತ ನಮ್ಮ ಮೇಂಟೆನೆನ್ಸ್‌ನವರೇ ಎಲ್ಲರ ಮುಂದೆ ಹೇಳಬೇಕಾಯಿತು. ನಮಗೆ ಸ್ವಲ್ಪ ಮುಜುಗರ ಆಯ್ತು ಅನ್ನಿ. ಆದರೆ ಆ ಹುಡುಗಿಯನ್ನು ನೋಡಿ ಉಳಿದವರೂ ಬಾಯಿ ಬಿಡತೊಡಗಿದರು.

ಟೊಯೋಟಾ ಕಾರ್ ಲೈನಿನಲ್ಲಿ ತೊಂದರೆ ಕಂಡ ಕೆಲಸಗಾರ ಎಳೆಯುವ ಆಂಡಾನ್ ಹಗ್ಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಳೆದ ತಕ್ಷಣ ಲೈನ್ ನಿಂತುಬಿಡುತ್ತದೆ ಅಂತ ಹೇಳುವವರೇ ಜಾಸ್ತಿ. ನಿಜವಾಗಿ, ಎಳೆದರೆ ಮೊದಲು ದೀಪ ಹತ್ತಿ ಟೀಮ್ ಲೀಡರ್ ಓಡಿ ಬರುತ್ತಾನೆ. ಗಾಡಿ ಮುಂದಿನ ಗುರುತಿಗೆ ಹೋಗುವುದರೊಳಗೆ ಸರಿಹೋಗದಿದ್ದರೆ ಆಗ ಲೈನ್ ನಿಲ್ಲುತ್ತದೆ. ಅಲ್ಲಿ ಮುಖ್ಯವಾದದ್ದು ಹಗ್ಗವಲ್ಲ, ಓಡಿ ಬರುವ ಮನುಷ್ಯ. ಹಗ್ಗ ಕಟ್ಟಿ, ಎಳೆದವನಿಗೆ ಬೈಯುವ ಕಂಪನಿಗಳೂ ಬೇಕಾದಷ್ಟಿವೆ.

ಆ ಎರಡನೇ ಕಂಪನಿಯಲ್ಲೂ ತಿಂಗಳ ಕೊನೆ ಬಂದರೆ ಡಿಸ್ಪ್ಯಾಚ್ ಒತ್ತಡ ಇದ್ದೇ ಇತ್ತು. ಶಬ್ದದ ವಿಷಯದಲ್ಲಂತೂ ಅವರೂ ಕಿವುಡರೇ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಅನ್ನುವ ಲೆಕ್ಕದಲ್ಲಿ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ, 88ಕ್ಕೆ ನಾಲ್ಕೇ ಗಂಟೆ. ಕಂಪ್ರೆಸರ್ ರೂಮಿನಲ್ಲಿ ಯಾರೂ ಇದನ್ನು ಎಣಿಸುತ್ತಿರಲಿಲ್ಲ. ಕಿವಿ ಹೋಗುವುದು ನಿಧಾನ, ರಕ್ತ ಬರಲ್ಲ, ಯಾವ ಬೋರ್ಡಿನ ಅಂಕಿಯೂ ಸೊನ್ನೆಗೆ ಇಳಿಯಲ್ಲ. ಸೊಂಟ ನೋವು, ಚರ್ಮಕ್ಕೆ ಕೂಲಂಟ್ (ಮಷಿನ್ ತಂಪಾಗಿಡುವ ದ್ರವ) ತಾಗಿ ಆಗುವ ತುರಿಕೆ, ಇವೂ ಹಾಗೇ.

ಅಲ್ಲಿ ನಿಯರ್ ಮಿಸ್, ಅಂದರೆ ಅಪಘಾತ ಸ್ವಲ್ಪದರಲ್ಲಿ ತಪ್ಪಿತು ಅನ್ನುವ ರಿಪೋರ್ಟ್‌ಗಳು ತುಂಬಾ ಬರುತ್ತಿದ್ದವು. ಹೊಸದಾಗಿ ಬಂದ ಒಬ್ಬ ದೊಡ್ಡ ಅಧಿಕಾರಿ ಆ ಗ್ರಾಫ್ ನೋಡಿ ಗಾಬರಿಯಾದರು, ಇಷ್ಟೊಂದು ಅಪಾಯದ ಜಾಗವಾ ಇದು ಅಂತ. ಸೇಫ್ಟಿ ಆಫೀಸರ್ ಸಮಾಧಾನವಾಗಿ ವಿವರಿಸಿದರು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೋದಾಗ ಇದೇ ಕಂಡಿತ್ತು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ! ಆಮೇಲೆ ನೋಡಿದರೆ ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಹೆದರದೆ ಹೇಳುತ್ತಿದ್ದರು ಅಷ್ಟೇ. ನಮ್ಮ ಅಧಿಕಾರಿಗೆ ಇದು ಎಷ್ಟು ಒಪ್ಪಿಗೆಯಾಯಿತೋ ಗೊತ್ತಿಲ್ಲ, ಗ್ರಾಫ್ ಮಾತ್ರ ಹಾಗೇ ಉಳಿಯಿತು.

ಮೇಲಿನವರಿಂದ ಏನೂ ಆಗಲ್ಲ ಅಂತಲೂ ಅಲ್ಲ. 1987ರಲ್ಲಿ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯಸ್ಥರಾದ ಪಾಲ್ ಓ'ನೀಲ್ ಹೂಡಿಕೆದಾರರ ಮುಂದೆ ಮಾಡಿದ ಮೊದಲ ಭಾಷಣದಲ್ಲಿ ಲಾಭ ಬಿಟ್ಟು ಕಾರ್ಮಿಕರ ಸುರಕ್ಷತೆಯ ಬಗ್ಗೆ ಮಾತಾಡಿದರು. ಇದನ್ನು ಎಲ್ಲ ಟ್ರೈನಿಂಗ್‌ನಲ್ಲೂ ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು 1996ರ ಘಟನೆ. ಮೆಕ್ಸಿಕೋದ ಘಟಕವೊಂದರಲ್ಲಿ ಹೊಗೆಯಿಂದ ಕೆಲಸಗಾರರು ಅಸ್ವಸ್ಥರಾಗಿದ್ದನ್ನು ಮೇಲಕ್ಕೆ ತಿಳಿಸದ ಒಬ್ಬ ಹಿರಿಯ ಅಧಿಕಾರಿಯನ್ನು ಅವರು ಕೆಲಸದಿಂದ ತೆಗೆದರು, ಆತನ ವಹಿವಾಟಿನ ಲೆಕ್ಕ ಚೆನ್ನಾಗಿದ್ದರೂ. ಸುದ್ದಿ ಮುಚ್ಚಿಟ್ಟವನಿಗೆ ಶಿಕ್ಷೆ, ಹೇಳಿದವನಿಗಲ್ಲ. ನಮ್ಮ ಅಣ್ಣನ ಕೇಸಿಗೆ ಪೂರಾ ಉಲ್ಟಾ.

ಹಾಗಾದರೆ ಕೆಳಗಿರುವ ನಾವು ಏನು ಮಾಡಬಹುದು ಅಂತ ಕೇಳುತ್ತಾರೆ. ಧೈರ್ಯವಾಗಿ ಹೇಳಿ ಅಂತ ನಾನು ಹೇಳಲ್ಲ, ಇಎಂಐ ಕಟ್ಟುವವನಿಗೆ ಅದು ಬಿಟ್ಟಿ ಉಪದೇಶ. ನಾನು ಹೇಳುವುದು ಬರೆಯಿರಿ ಅಂತ. ಶಿಫ್ಟ್ ಲಾಗ್ ಬುಕ್ಕಿನಲ್ಲಿ, ತಾರೀಖು ಸಮಯದ ಜೊತೆ, ಯಾರನ್ನೂ ಬೈಯದೆ. "ಮೂರನೇ ಪ್ರೆಸ್ ಲೈಟ್ ಕರ್ಟನ್ ಕೆಲಸ ಮಾಡುತ್ತಿಲ್ಲ, ಮೇಂಟೆನೆನ್ಸ್‌ಗೆ ತಿಳಿಸಲಾಗಿದೆ." ಇಷ್ಟು ಸಾಕು. ಬಾಯಲ್ಲಿ ಹೇಳಿದ್ದನ್ನು ಕೇಳಿಲ್ಲ ಅನ್ನಬಹುದು, ಬರೆದಿದ್ದನ್ನು ಓದಿದವರು ಸಹಿ ಹಾಕಬೇಕಾಗುತ್ತದೆ. ಸಹಿ ಹಾಕಿದ ಮೇಲೆ ಆ ತಲೆನೋವು ಅವರದೂ ಹೌದು. ಇನ್ನೊಂದು, ಒಬ್ಬರೇ ಬರೆಯಬೇಡಿ. ಒಬ್ಬ ಬರೆದರೆ ಅವನು ಕಿರಿಕಿರಿ ಮನುಷ್ಯ. ಮೂರು ಶಿಫ್ಟಿನವರೂ ಅದೇ ಪ್ರೆಸ್ ಬಗ್ಗೆ ಅದೇ ಮಾತು ಬರೆದರೆ ಅದು ಪ್ರೆಸ್ಸಿನ ಸಮಸ್ಯೆ ಆಗುತ್ತದೆ. ಕಾಂಟ್ರ್ಯಾಕ್ಟ್ ಹುಡುಗರು ಬರೆಯಲು ಹೆದರುತ್ತಾರೆ, ಅವರು ಹೇಳಿದ್ದನ್ನು ಪರ್ಮನೆಂಟ್ ಇರುವವರು ತಮ್ಮ ಹೆಸರಿನಲ್ಲಿ ಬರೆಯಬಹುದು. ನಮ್ಮ ಶಿಫ್ಟಿನಲ್ಲಿ ಈಗ ಹಾಗೇ ಮಾಡುತ್ತಿದ್ದೇವೆ, ಇದನ್ನು ಇಷ್ಟಪಡದ ಮ್ಯಾನೇಜರ್ ಒಬ್ಬರು ಇದ್ದಾರೆ, ಅವರೂ ಸಹಿ ಹಾಕುತ್ತಿದ್ದಾರೆ.